ಮೊಬೈಲ್ ವಿಡಿಯೊ ‘ವಾರ್’ ಅಲ್ಲ

ಮಾನ್ಯ ಸಂಪಾದಕರೇ,

ಶಿವಮೊಗ್ಗ, ಭದ್ರಾವತಿಯ ಫುಟ್‌ಬಾಲ್ ಪಂದ್ಯಗಳಲ್ಲಿ ಆಫ್‌ಸೈಡ್ ಕೊಟ್ಟ ಕೂಡಲೇ ಮೊಬೈಲ್ ವಿಡಿಯೊವನ್ನೇ ‘ವಾರ್’ (VAR, ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಎಂದುಕೊಂಡು ರೆಫರಿಯತ್ತ ನುಗ್ಗುವವರು ಒಂದು ಲೆಕ್ಕ ಗಮನಿಸಬೇಕು. ಸಹ ಆಟಗಾರ ಚೆಂಡು ಒದೆದ ಕ್ಷಣದಲ್ಲಿ ಫಾರ್ವರ್ಡ್ ಎದುರಾಳಿಗಳ ಕೊನೆಯಿಂದ ಎರಡನೆಯ ಆಟಗಾರನಿಗಿಂತ ಗೋಲಿಗೆ ಹತ್ತಿರವಿದ್ದರೆ ಆಫ್‌ಸೈಡ್. ಸಾಮಾನ್ಯ ಮೊಬೈಲ್ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ. ಸೆಕೆಂಡಿಗೆ 8 ಮೀಟರ್ ಓಡುವ ಫಾರ್ವರ್ಡ್ ಒಂದು ಚಿತ್ರದಿಂದ ಮುಂದಿನದಕ್ಕೆ 27 ಸೆಂ.ಮೀ. ಸಾಗಿರುತ್ತಾನೆ, ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ಇಬ್ಬರ ನಡುವಿನ ಅಂತರದ ವ್ಯತ್ಯಾಸ ಅರ್ಧ ಮೀಟರ್ ದಾಟುತ್ತದೆ. ಚೆಂಡು ಕಾಲಿಗೆ ತಾಗಿದ ಕ್ಷಣ ಎರಡು ಚಿತ್ರಗಳ ನಡುವೆಯೇ ಕಳೆದುಹೋಗಬಹುದು. ಓರೆಯಾಗಿ ನಿಂತು ತೆಗೆದರಂತೂ ಸಮಸಾಲಿನಲ್ಲಿದ್ದವನೂ ಮುಂದಿದ್ದಂತೆ ಕಾಣುತ್ತಾನೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಇದಕ್ಕೆಂದೇ 12 ಕ್ಯಾಮೆರಾ ಇದ್ದವು, ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿತ್ತು.

ಅಷ್ಟಿದ್ದರೂ ‘ವಾರ್’ ಮುಖ್ಯವಾಗಿ ನೋಡುವುದು ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್ ಮತ್ತು ತಪ್ಪು ಆಟಗಾರನಿಗೆ ಕಾರ್ಡ್ ಕೊಟ್ಟ ಪ್ರಸಂಗಗಳನ್ನು. ಕೊನೆಯ ಮಾತು ರೆಫರಿಯದೇ. ಅನುಮತಿ ಇಲ್ಲದ ಟೂರ್ನಿಯಲ್ಲಿ ವಿಡಿಯೊ ನೋಡಿ ತೀರ್ಪು ಬದಲಿಸುವುದು ನಿಯಮಕ್ಕೇ ವಿರುದ್ಧ.

ಆಯೋಜಕರು ಮೊದಲು ತರಬೇತಿ ಪಡೆದ ಇಬ್ಬರು ಲೈನ್ ರೆಫರಿಗಳನ್ನು ಕರೆಸಲಿ. ಮಲೆನಾಡಿನ ಮಳೆಗೆ ಸುಣ್ಣದ ಗೆರೆ ಅಳಿಸಿಹೋಗುತ್ತದೆ, ಮಧ್ಯಂತರದಲ್ಲಿ ಮತ್ತೆ ಎಳೆಸಲಿ. ಬಲೆಯ ತೂತು ಹೊಲಿಸಲಿ; ಚೆಂಡು ಒಳಗಿನಿಂದ ಹೋಯಿತೋ ಹೊರಗಿನಿಂದಲೋ ಎಂಬ ಜಗಳ ಅರ್ಧ ಅಲ್ಲಿಯೇ ಹುಟ್ಟುವುದು. ಕ್ಯಾಮೆರಾ ಬೇಕೇ ಬೇಕೆಂದರೆ ಎರಡೂ ಗೋಲುಕಂಬಗಳು ಒಂದೇ ಆಗಿ ಕಾಣುವಂತೆ ಗೋಲುಗೆರೆಯ ನೇರಕ್ಕೆ ಸ್ಟ್ಯಾಂಡ್ ಮೇಲೆ ಇಟ್ಟು, ಪಂದ್ಯ ಮುಗಿದ ಮೇಲೆ ರೆಫರಿಗಳ ತರಬೇತಿಗೆ ಬಳಸಲಿ.

– ಫುಟ್‌ಬಾಲ್ ರೆಫರಿಗಳು, ಶಿವಮೊಗ್ಗ