ಖುಲ್ನಾ ಬಿಡುಗಡೆಯಾದದ್ದು ಮರುದಿನ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ವಿಜಯ ದಿವಸದ ನಿಮಿತ್ತ ನಿಮ್ಮ ಪುರವಣಿಯಲ್ಲಿ ಬಂದ, ಬಾಂಗ್ಲಾದೇಶ ಹುಟ್ಟಿದ 1971ರ ಯುದ್ಧದ ಲೇಖನವನ್ನು ಓದಿದೆ. ಸೈನ್ಯದ ಭಾಗ ಚಲೋ ಬರೆದಿದ್ದೀರಿ. ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುವ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ನನ್ನ ತಕರಾರು ಕೊನೆಯ ಪ್ಯಾರಾದ ಮೇಲೆ. ಪೂರ್ವ ಪಾಕಿಸ್ತಾನದಿಂದ ಬಂದ ಒಂದು ಕೋಟಿ ನಿರಾಶ್ರಿತರನ್ನು ನಮ್ಮ ದೇಶದ ಸ್ವಯಂಸೇವಕಿಯರು ಸಲಹಿದರೆಂದು ಅಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸ್ವಯಂಸೇವಕಿಯರಲ್ಲಿ ನಾನೂ ಒಬ್ಬಳು. ಸಲಹಿದವರು ಈ ಕಡೆ, ಸಲಹಿಸಿಕೊಂಡವರು ಆ ಕಡೆ ಎಂಬ ಗೆರೆ ನಾನಿದ್ದಲ್ಲಿ ಇರಲಿಲ್ಲ. ನನಗೆ ಕೆಲಸ ಕಲಿಸಿದವಳೇ ನಿರಾಶ್ರಿತೆ.

ಆಗ ನನಗೆ ಇಪ್ಪತ್ತೊಂದು ವರ್ಷ. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಸರ್ವೋದಯದ ಹಿರಿಯರೊಬ್ಬರು ಹುಡುಗ-ಹುಡುಗಿಯರ ಒಂದು ತಂಡ ಕಟ್ಟಿದಾಗ ಹೆಸರು ಕೊಟ್ಟೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಅವ್ವ ಮಾತ್ರ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಹುಬ್ಬಳ್ಳಿ, ಗುಂತಕಲ್, ಮದ್ರಾಸ್, ಹೌರಾ. ಅಲ್ಲಿಂದ ಸಿಯಾಲ್ದಾಕ್ಕೆ ಹೋಗಿ, ಗಡಿಯ ಹತ್ತಿರದ ಬೊಂಗಾಂವ್‌ಗೆ ಲೋಕಲ್ ಗಾಡಿ. ಜುಲೈ ತಿಂಗಳು, ಬಿಡದ ಮಳೆ. ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಚರಂಡಿಗೆಂದು ತಂದಿಟ್ಟ ಸಿಮೆಂಟ್ ಪೈಪುಗಳೊಳಗೆ ಸಂಸಾರಗಳಿದ್ದವು. ಬೊಂಗಾಂವ್ ಕಡೆ ಆ ಪೈಪುಗಳೂ ಇರಲಿಲ್ಲ. ಜೆಸ್ಸೋರ್ ರಸ್ತೆಯ ದೊಡ್ಡ ದೊಡ್ಡ ಮರಗಳ ಕೆಳಗೆ ತಾಡಪತ್ರಿ, ಅದರಡಿ ಜನ.

ನಮ್ಮನ್ನು ಹಾಕಿದ್ದು ಬೊಂಗಾಂವ್ ಹೊರಗಿನ ಶಿಬಿರದ ಕಾಲರಾ ಚಪ್ಪರಕ್ಕೆ. ಮೊದಲ ದಿನ ಬಾಗಿಲಲ್ಲೇ ವಾಂತಿ ಮಾಡಿಕೊಂಡೆ. ನಡುವೆ ತೂತಿರುವ ಮಂಚಗಳು, ತೂತಿನ ಕೆಳಗೆ ಬಕೆಟ್ಟು. ಮಂಚ ಸಾಲದೆ ನೆಲದ ಮೇಲೂ ಜನ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬಳು ಬಂದು ನನ್ನ ಕೈಗೆ ಲೋಟ ಕೊಟ್ಟು, ಒಬ್ಬ ಮುದುಕಿಯ ಪಕ್ಕ ಕೂರಿಸಿದಳು. "ಎಕ್ಟು ಎಕ್ಟು ಕೊರೆ ಖಾವ್" ಅಂತ ಹೇಳುತ್ತಿರು ಅಂದಳು. ಸ್ವಲ್ಪ ಸ್ವಲ್ಪವೇ ಕುಡಿ ಅಂತ ಅರ್ಥ. ಬಂಗಾಳಿಗಳು ನೀರನ್ನೂ 'ತಿನ್ನು' ಅನ್ನುತ್ತಾರೆ. ನನಗೆ ಬಂದ ಮೊದಲ ಬಂಗಾಳಿ ವಾಕ್ಯ ಅದು. ಮೂರು ತಾಸು ಅದನ್ನೇ ಹೇಳಿದೆ. ಸಂಜೆಗೆ ಮುದುಕಿ ಕಣ್ಣು ಬಿಟ್ಟು ನನಗೆ ಬೈದಳು. ಏನು ಬೈದಳೋ, ಲೋಟ ಕೊಟ್ಟವಳು ಅರ್ಥ ಹೇಳದೆ ನಕ್ಕಳು.

ಆ ನೀರಿನ ಲೆಕ್ಕ ಬೊಂಗಾಂವ್ ಆಸ್ಪತ್ರೆಯಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಅವರದು. ಸೂಜಿಯಲ್ಲಿ ಕೊಡುವ ಸಲೈನ್ ಮುಗಿದಿತ್ತು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕಲಸಿ ಬಾಯಿಂದಲೇ ಕುಡಿಸಿ ಎಂದರು. ನೂರಕ್ಕೆ ಮೂವತ್ತರ ಸುಮಾರು ಇದ್ದ ಸಾವು ಅವರ ವಾರ್ಡಿನಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು. ಸಂತೋಷ. ಆದರೆ ಆ ನೀರನ್ನು ಕುಡಿಸಿದವರು ಬಹುತೇಕ ರೋಗಿಗಳ ಅವ್ವಂದಿರು, ಅಕ್ಕತಂಗಿಯರೇ. ಅಷ್ಟು ಜನಕ್ಕೆ ನರ್ಸುಗಳು ಎಲ್ಲಿಂದ ಬರಬೇಕು?

ನನ್ನ ಕೈಗೆ ಲೋಟ ಕೊಟ್ಟವಳು ಗಡಿಯಾಚೆಯ ಖುಲ್ನಾ ಪಟ್ಟಣದ ಶಾಲೆಯೊಂದರ ಶಿಕ್ಷಕಿ, ನನಗಿಂತ ಐದು ವರ್ಷ ದೊಡ್ಡವಳು. ಬೆಳಿಗ್ಗೆ ರೇಷನ್ ಕಾರ್ಡು ಹಿಡಿದು ಅಕ್ಕಿಗೆ ಸಾಲು ನಿಲ್ಲುತ್ತಿದ್ದಳು. ಅಕ್ಕಿಯನ್ನು ಸೋದರತ್ತೆಯ ಕೈಗಿತ್ತು ಚಪ್ಪರಕ್ಕೆ ಬಂದರೆ ರಾತ್ರಿಯವರೆಗೆ ಅಲ್ಲೇ. ದಾಟಿ ಬಂದದ್ದು ಚುಕ್‌ನಗರದ ಮೇಲೆ. ಮೇ 20ರಂದು ಅಲ್ಲಿ ಪಾಕಿಸ್ತಾನಿ ಸೈನ್ಯ ನಿರಾಶ್ರಿತರನ್ನು ಹೇಗೆ ಕೊಂದಿತೆಂದು ಈಗ ಎಲ್ಲರೂ ಓದಬಹುದು. ಅವಳು ಆ ಊರಿನ ಹೆಸರನ್ನು ಒಂದೇ ಸಲ ಹೇಳಿದಳು, ನಾನೂ ಕೆದಕಲಿಲ್ಲ. ನಾನು ಅವಳಿಗೆ 'ದಿದಿ' ಅನ್ನುತ್ತಿದ್ದೆ. ಅವಳಿಗೆ ನಾನು 'ಮೈಸೂರ್'. ನಮ್ಮ ರಾಜ್ಯಕ್ಕೆ ಆಗ ಅದೇ ಹೆಸರು, 1973ರವರೆಗೆ. ಧಾರವಾಡ ಬೇರೆ, ಮೈಸೂರು ಬೇರೆ ಅಂತ ನಾನು ಎಷ್ಟು ಕಿರುಚಿದರೂ ಉಪಯೋಗವಾಗಲಿಲ್ಲ. ಉಳಿದವರಿಗೆ ನಾನು ಮದ್ರಾಸಿ, ಅದಕ್ಕಿಂತ ಇದು ವಾಸಿ ಎಂದುಕೊಂಡೆ. ಮೂರನೆಯವಳು ಕೇರಳದ ನರ್ಸ್, ನಮಗೆ ಚೇಚಿ, ಅಂದರೆ ಮಲಯಾಳದಲ್ಲಿ ಅಕ್ಕ. ರಾತ್ರಿ ಮೂವರೂ ಒಬ್ಬರ ಹಿಂದೊಬ್ಬರು ಕೂತು ಹೇನು ಬಾಚುತ್ತಿದ್ದೆವು. ಲೈಫ್‌ಬಾಯ್ ಸೋಪನ್ನು ದಾರದಿಂದ ಕತ್ತರಿಸಿ ಮೂರು ಪಾಲು ಮಾಡಿಕೊಳ್ಳುತ್ತಿದ್ದೆವು.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಹೋಗಿ ಮೂರು ವಾರವಾಗಿತ್ತು. ಒಂದು ಕೂಸು ತೀರಿಕೊಂಡಿತು, ಸುತ್ತಲು ಬಟ್ಟೆ ಇಲ್ಲ. ಓಡಿಹೋಗಿ ಒಣಗಲು ಹಾಕಿದ್ದ ಹಗ್ಗದ ಮೇಲಿಂದ ಕೆಂಪಂಚಿನ ಬಿಳಿ ಸೀರೆ ಎಳೆದು ತಂದುಕೊಟ್ಟೆ. ದಿದಿಯ ಸೀರೆ. ಅವಳು ಗಡಿ ದಾಟುವಾಗ ತಂದದ್ದು ಎರಡೇ. ಉಟ್ಟದ್ದೊಂದು, ಅವಳ ತಾಯಿಯ ಈ ಸೀರೆ ಇನ್ನೊಂದು. ನನ್ನ ಇಳಕಲ್ಲ ಸೀರೆಯೂ ಅದೇ ಹಗ್ಗದ ಮೇಲಿತ್ತು. ನನ್ನ ಕೈ ಅದರ ಕಡೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಅವಳು ಕೂಗಾಡಲಿಲ್ಲ. "ದಾನ ಮಾಡೋ ಆಸೆ ಬಂದರೆ ನಿನ್ನದು ಮಾಡು" ಅಂದಳು, ಅಷ್ಟೇ. ಒಂಬತ್ತು ದಿನ ಮಾತಿಲ್ಲ. ನೀರಿನ ಡ್ರಮ್ಮಿನ ಆಚೆ ಅವಳು, ಈಚೆ ನಾನು. ಉಪ್ಪಿನ ಅಳತೆಯನ್ನು ಬೆರಳು ತೋರಿಸಿ ಹೇಳುತ್ತಿದ್ದಳು.

ಮಾತು ಬಿಟ್ಟವರನ್ನು ಕೂಡಿಸಿದ್ದು ಕಣ್ಣುಬೇನೆ. ಆ ವರ್ಷ ಬಂಗಾಳದ ತುಂಬ ಹಬ್ಬಿದ ಕಣ್ಣುಬೇನೆಗೆ ಜನ 'ಜಯ್ ಬಾಂಗ್ಲಾ' ಅಂತ ಹೆಸರಿಟ್ಟಿದ್ದರು. ನಿರಾಶ್ರಿತರು ತಂದ ರೋಗ ಅನ್ನುವ ಕುಹಕವೂ ಅದರಲ್ಲಿತ್ತು. ಒಂದು ಬೆಳಿಗ್ಗೆ ಎದ್ದರೆ ನನ್ನ ಎರಡೂ ಕಣ್ಣು ಗೀಜಿಗೆ ಅಂಟಿ ಬಿಡಲಾಗದಂತೆ ಆಗಿದ್ದವು. ಪಕ್ಕದ ಚಾಪೆಯಲ್ಲಿ ಅವಳಿಗೂ ಅದೇ ಗತಿ. ಅವಳು ಬಟ್ಟೆಯ ಹಗ್ಗವೆಂದು ತಡವರಿಸಿ ಹಿಡಿದದ್ದು ನನ್ನ ಜಡೆಯನ್ನು. ಜಗ್ಗಿದಳು. ನಾನು ಅಚ್ಚ ಧಾರವಾಡದ ಕನ್ನಡದಲ್ಲಿ ಬೈದೆ. ಕತ್ತಲಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಚೇಚಿ ಬಿಸಿನೀರು, ಹತ್ತಿ ತಂದು, ಎರಡು ಕುರುಡು ಎಮ್ಮೆಗಳನ್ನು ಕಟ್ಟಿಕೊಂಡೆನಲ್ಲ ಎಂದು ಗೊಣಗುತ್ತಾ ನಮ್ಮ ಕಣ್ಣು ಬಿಡಿಸಿದಳು. ಸೀರೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಳೆ, ನೆರೆ, ಮತ್ತೆ ಚಳಿ. ನವೆಂಬರ್ 22ರ ಮಧ್ಯಾಹ್ನ ಬೊಂಗಾಂವ್‌ಗೆ ಸಮೀಪದ ಬೊಯ್ರಾ ಮೇಲೆ ವಿಮಾನಗಳ ಕಾಳಗ ನಡೆಯಿತು. ನಮಗೆ ಕೇಳಿಸಿದ್ದು ಸದ್ದು ಮಾತ್ರ. ಪಾಕಿಸ್ತಾನದ ಸೇಬರ್‌ಗಳನ್ನು ಹೊಡೆದುರುಳಿಸಿದ ನ್ಯಾಟ್ ವಿಮಾನಗಳು ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗುವಂಥವು ಎಂದು ತಿಳಿದಾಗ ಮಾತ್ರ ನಾನು 'ಮೈಸೂರ್' ಅನ್ನಿಸಿಕೊಳ್ಳಲು ಖುಷಿಯಿಂದ ಒಪ್ಪಿದೆ!

ಇನ್ನು ಯುದ್ಧ ಡಿಸೆಂಬರ್ 16ಕ್ಕೆ ಮುಗಿಯಿತು ಎಂಬ ನಿಮ್ಮ ತಾರೀಖಿನ ವಿಷಯ. ಡಿಸೆಂಬರ್ 16ರ ಸಂಜೆ ರೇಡಿಯೋ ಸುದ್ದಿ ಬಂದೊಡನೆ ಶಿಬಿರವೆಲ್ಲ ಬೀದಿಗೆ ಬಂತು. ಶಂಖ, ಜಾಗಟೆ, ತಟ್ಟೆ, ಕೈಗೆ ಸಿಕ್ಕಿದ್ದನ್ನು ಬಡಿದರು. ದಿದಿ ಮಾತ್ರ ಚಪ್ಪರದಲ್ಲಿ ಬಕೆಟ್ ತೊಳೆಯುತ್ತಾ ಕೂತಿದ್ದಳು. ಕರೆದೆ. "ಖುಲ್ನಾದ್ದು ಹೇಳಿದರಾ?" ಅಂದಳು. ಹೇಳಿರಲಿಲ್ಲ. ಅವಳ ಅಣ್ಣ ಊರಲ್ಲೇ ಉಳಿದಿದ್ದ. ಖುಲ್ನಾದ ಪಾಕಿಸ್ತಾನಿ ಪಡೆ ಶರಣಾದದ್ದು ಮರುದಿನ, 17ಕ್ಕೆ. ಆ ರಾತ್ರಿ ಅವಳೂ ಮಲಗಲಿಲ್ಲ, ನಾವಿಬ್ಬರೂ ಮಲಗಲಿಲ್ಲ. ಚೇಚಿ ಜಪಮಾಲೆ ಹಿಡಿದು ಕೂತಳು, ನಾನು ಸುಮ್ಮನೆ ಕೂತೆ. ಆದ್ದರಿಂದ ನಮ್ಮ ಮೂವರಿಗೆ ಆ ಯುದ್ಧ ಮುಗಿದ ದಿನ 17. ಸಾಧ್ಯವಾದರೆ ಮುಂದಿನ ವರ್ಷದ ಲೇಖನದಲ್ಲಿ ಇದನ್ನೂ ಸೇರಿಸಿ.

ಜನವರಿಯಲ್ಲಿ ಲಾರಿಗಳು ಬಂದವು. ಅವಳು ಹೊರಟ ಹೊತ್ತಿಗೆ ನಾನು ನೀರಿನ ಸಾಲಿನಲ್ಲಿದ್ದೆ. ಬಂದು ನೋಡಿದರೆ ಹಗ್ಗದ ಮೇಲೆ ನನ್ನ ಇಳಕಲ್ಲ ಸೀರೆ ಇರಲಿಲ್ಲ. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾದೀತು. ಎರಡು ದಿನ ಬೈದುಕೊಂಡೆ. ಚೇಚಿ ನಗುತ್ತಲೇ ಇದ್ದಳು.

ಖುಲ್ನಾದಿಂದ ಬಹಳ ವರ್ಷ ಕಾಗದ ಬರುತ್ತಿದ್ದವು. ಅಣ್ಣ ಬದುಕಿದ್ದ, ಶಾಲೆಯ ಮಾಡು ಹಾರಿತ್ತು ಎಂಬುದೆಲ್ಲ ಗೊತ್ತಾಯಿತು. ಒಂದು ಕಾಗದದಲ್ಲೂ ಸೀರೆಯ ಸುದ್ದಿ ಇಲ್ಲ. ಊರಿಗೆ ಬಂದ ಮೇಲೆ ನಾನು ಚೇಚಿಗೆ ಬರೆದ ಇನ್‌ಲ್ಯಾಂಡ್‌ಗಳಿಗೆ ನಿರಾಶ್ರಿತರ ಪರಿಹಾರದ ಐದು ಪೈಸೆಯ ಸ್ಟಾಂಪು ಹಚ್ಚುತ್ತಿದ್ದೆ. 1973ರ ಮಾರ್ಚ್‌ವರೆಗೆ ಅದು ಕಡ್ಡಾಯ. ನಿಮ್ಮ ಹಿರಿಯ ಓದುಗರಿಗೆ ನೆನಪಿರಬಹುದು, ಅವರೂ ಐದೈದು ಪೈಸೆ ಕೊಟ್ಟವರೇ.

ತ್ರಿಪುರಾದ ಬಿಶ್ರಾಮ್‌ಗಂಜ್‌ನಲ್ಲಿ ಬಿದಿರಿನ ಆಸ್ಪತ್ರೆ ನಡೆಸಿದ ಡಾ. ಸಿತಾರಾ ಬೇಗಂ ಅವರಿಗೆ ಬಾಂಗ್ಲಾದೇಶ 'ಬೀರ್ ಪ್ರತೀಕ್' ಶೌರ್ಯ ಪ್ರಶಸ್ತಿ ಕೊಟ್ಟು ಗೌರವಿಸಿತು. ಕವಯಿತ್ರಿ ಸೂಫಿಯಾ ಕಮಾಲ್ ಅವರ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಗಾಯಾಳುಗಳನ್ನು ನೋಡಿಕೊಂಡರು. ಅವರೂ ಊರು ಬಿಟ್ಟು ಗಡಿ ದಾಟಿ ಬಂದವರೇ. ಇಂಥವರ ವಿಷಯ ನಿಮ್ಮ ಲೇಖಕರು ಬರೆಯಬಹುದಿತ್ತು. 1971ರಲ್ಲಿ ನಮ್ಮ ಕಡೆಯಿಂದ ಆ ಶಿಬಿರಗಳಿಗೆ ಹೋದ ಹೆಣ್ಣುಮಕ್ಕಳು ಇನ್ನೂ ಯಾರಾದರೂ ಇದ್ದರೆ ಈ ಅಂಕಣಕ್ಕೆ ಬರೆಯಲಿ. ಎಲ್ಲರಿಗೂ ಎಪ್ಪತ್ತು ದಾಟಿರುತ್ತದೆ, ತಡ ಮಾಡಬಾರದು.

ಗೆಳತಿಯರ ಹೆಸರು ಬರೆದಿಲ್ಲ. ಅವರ ಮನೆಯವರನ್ನು ಕೇಳಿಲ್ಲ, ಅದಕ್ಕೆ. ಫೋಟೋ ಇದ್ದರೆ ಕಳಿಸಿ ಎಂದು ದಯವಿಟ್ಟು ಫೋನ್ ಮಾಡಬೇಡಿ. ಕ್ಯಾಮೆರಾ ಹಿಡಿದವರು ಚಪ್ಪರದ ಒಳಗೆ ಬರುತ್ತಿರಲಿಲ್ಲ, ವಾಸನೆಗೆ.

– ನಿವೃತ್ತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ