ಸಾರಿಗೆ ನೌಕರರ ಹಿಂಬಾಕಿ ಕೊಡಿ

ಮಾನ್ಯರೇ,

2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರ ಹೂಡಿದಾಗ ನಮ್ಮೂರಿನ ನಿಲ್ದಾಣದಲ್ಲಿ ನಾನೂ ಬಸ್ಸಿಗಾಗಿ ಕಾದಿದ್ದೆ. ಆಸ್ಪತ್ರೆಯ ಫೈಲನ್ನು ಎದೆಗವಚಿ ನಿಂತಿದ್ದ ಮಹಿಳೆಯೊಬ್ಬರು ‘ಇವರ ಜಗಳದಲ್ಲಿ ನಾವೇಕೆ ಸಾಯಬೇಕು’ ಎಂದು ಕಣ್ಣೀರಿಟ್ಟರು. ಪಕ್ಕದಲ್ಲಿದ್ದ ಹಿರಿಯರು ‘ದುಡಿದ ಹಣ ಕೇಳುವುದು ತಪ್ಪೇನಮ್ಮಾ?’ ಎಂದರು. ಆಕೆಯ ಸಂಕಟ ನಿಜವೇ. ಆದರೂ ನಾನು ಆ ಹಿರಿಯರ ಪರ.

ನೌಕರರು ಕೇಳಿದ್ದು 2020ರ ಜನವರಿಯಿಂದ ಲೆಕ್ಕ ಹಾಕಿದ 38 ತಿಂಗಳ ವೇತನ ಹೆಚ್ಚಳದ ಹಿಂಬಾಕಿ, ಜೊತೆಗೆ 2024ರ ಜನವರಿ 1ರಿಂದ ವೇತನ ಪರಿಷ್ಕರಣೆ. ಹಿಂಬಾಕಿ ಎಂದರೆ ಬೆವರು ಸುರಿಸಿಯಾದ ಮೇಲೆ ಕೈಗೆ ಬಾರದ ಹಣ. ಅದನ್ನು ದುರಾಸೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ‘ಶಕ್ತಿ’ ಯೋಜನೆ ಬಂದ ಮೇಲೆ ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಶೂನ್ಯ ದರದ ಟಿಕೆಟ್ ಕೊಡುವ ನಿರ್ವಾಹಕಿಯರನ್ನು ನಾವು ದಿನವೂ ನೋಡುತ್ತೇವೆ. ಯೋಜನೆಯ ಹೊರೆ ಹೊತ್ತವರು ಅವರೇ.

ಹೈಕೋರ್ಟ್ ಸೂಚನೆಯಂತೆ ಅಂದೇ ಮುಷ್ಕರ ನಿಂತಿತು. ಹಿಂಬಾಕಿಯನ್ನು ಎಷ್ಟು ಕಂತುಗಳಲ್ಲಿ, ಯಾವ ತಿಂಗಳಿನಿಂದ ಕೊಡುತ್ತದೆಂದು ಸರ್ಕಾರ ಲಿಖಿತವಾಗಿ ತಿಳಿಸಲಿ.

– ನಿತ್ಯ ಪ್ರಯಾಣಿಕ, ತುಮಕೂರು ಜಿಲ್ಲೆ