ಹೆಪ್ಪು ಕೇಳುವ ನೆಪ

ಚಿರಂಜೀವಿ ತಮ್ಮನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಬಿಳಿಜೋಳದ ಬಿತ್ತಿಗೆಯ ಗದ್ದಲದಲ್ಲಿ ಅದನ್ನೂ ಮರೆತಿದ್ದಾನೆ.

ನವೆಂಬರ್ 25ರ ಮಹಿಳಾ ದೌರ್ಜನ್ಯ ವಿರೋಧಿ ದಿನಕ್ಕೆ ಜಾಥಾ, ಬ್ಯಾನರ್, ಪ್ರತಿಜ್ಞಾವಿಧಿ, ಉಪ್ಪಿಟ್ಟು ಅಂತೆಲ್ಲ ಫೋನಿನಲ್ಲಿ ಹೇಳಿದೆ. ಪಿಡಿಒ ಆದ ಮೊದಲ ವರ್ಷ, ಹುರುಪು ಇರಬೇಕಾದ್ದೇ. ಮಾಡು. ಆದರೆ 26ರ ರಾತ್ರಿ ಯಾರದೋ ಮನೆಯಲ್ಲಿ ಏಟು ಬಿದ್ದರೆ ಆ ಬಾಗಿಲು ಬಡಿಯುವವರು ಯಾರು? ಅದನ್ನು ಮೊದಲು ಗೊತ್ತುಮಾಡಿಕೋ.

‘ನಮ್ಮ ಪಂಚಾಯಿತಿಯಲ್ಲಿ ಅಂಥಾದ್ದು ಕಡಿಮೆ, ಅತ್ತಿ’ ಅಂದೆಯಲ್ಲ, ನನಗೆ ನಗು ಬಂತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡಿದ್ದೇವೆ ಅಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು 21ರ ಆಸುಪಾಸು. ಏಟು ಹೆಚ್ಚಾದವೋ, ಹೇಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು. ನಿನ್ನ ಮೇಜಿಗೆ ದೂರು ಬರದಿದ್ದರೆ ಊರು ಸುಖವಾಗಿದೆ ಅಂದುಕೊಳ್ಳಬೇಡ.

1989ರಲ್ಲಿ ನಮ್ಮ ವಿಜಾಪುರ ಜಿಲ್ಲೆಗೆ ಮಹಿಳಾ ಸಮಖ್ಯಾ, ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರದ ಕಾರ್ಯಕ್ರಮ, ಬಂದಾಗ ನಾವು ಕೂಡುತ್ತಿದ್ದದ್ದು ರಾತ್ರಿ, ರೊಟ್ಟಿ ಬಡಿದು, ಉಂಡು, ಮಕ್ಕಳನ್ನು ಮಲಗಿಸಿದ ಮೇಲೆ. ಹಳ್ಳಿ ಹಳ್ಳಿ ತಿರುಗುವ ಅದರ ಕಾರ್ಯಕರ್ತೆ, ಸಹಯೋಗಿನಿ, ಬರುತ್ತಿದ್ದಳು, ಕೂಡುತ್ತಿದ್ದಳು, ಕೇಳುತ್ತಿದ್ದಳು. ಮೊದಲ ತಿಂಗಳುಗಳಲ್ಲಿ ನೀರು, ಕೂಲಿ, ರೇಷನ್ನಿನ ಮಾತೇ. ಬೆನ್ನ ಮೇಲಿನ ಬಾಸುಂಡೆಯ ಮಾತು ಬರಲು ವರ್ಷ ಹಿಡಿಯಿತು.

ಒಬ್ಬಾಕೆ ಆ ಮಾತು ಎತ್ತಿದಾಗ ನಾವು ಮಾಡಿದ್ದು ತಪ್ಪು. ಹತ್ತು ಮಂದಿ ಹೋಗಿ ಆಕೆಯ ಗಂಡನನ್ನು ಕಟ್ಟೆಯ ಮುಂದೆ ನಿಲ್ಲಿಸಿ ಮಾನ ಕಳೆದೆವು. ಗೆದ್ದೆವು ಅಂತ ಮನೆಗೆ ಬಂದು ನಿದ್ದೆ ಮಾಡಿದೆವು. ಮರುದಿನ ಆಕೆ ಸಂಘಕ್ಕೆ ಬರಲಿಲ್ಲ. ವಾರದ ಮೇಲೆ ಭಾವಿಯ ಹತ್ತಿರ ಸಿಕ್ಕಾಗ ಅಂದಳು: ‘ನನ್ನ ಒಂದು ಮಾತು ಕೇಳಿ ಹೋಗಬೇಕಿತ್ತಲ್ಲವ್ವಾ.’ ಮೂವತ್ತು ವರ್ಷದ ಮೇಲೂ ಆ ಮಾತು ನನ್ನ ಕಿವಿಯಲ್ಲಿದೆ. ಆಕೆಗೆ ಏನು ಬೇಕು ಅಂತ ಆಕೆಯನ್ನೇ ಕೇಳದೆ ನಿನ್ನ ಜನ ಒಂದು ಹೆಜ್ಜೆಯನ್ನೂ ಇಡಬಾರದು.

ಆಮೇಲೆ ಒಂದು ಉಪಾಯ ಆಕೆಯೇ ಹೇಳಿಕೊಟ್ಟಳು. ಸದ್ದು ಕೇಳಿದ ತಕ್ಷಣ ಪಕ್ಕದ ಮನೆಯವಳು ಚಿಲಕ ಬಡಿದು, ‘ಹಾಲಿಗೆ ಹೆಪ್ಪಿಲ್ಲ, ಒಂದಿಷ್ಟು ಕೊಡವ್ವಾ’ ಅನ್ನುವುದು. ರಾತ್ರಿ ಹತ್ತು ಗಂಟೆಗೆ ಹೆಪ್ಪು! ಅವನಿಗೂ ಗೊತ್ತಾಗುತ್ತಿತ್ತು, ಎತ್ತಿದ ಕೈ ಇಳಿಯುತ್ತಿತ್ತು. 2008ರಲ್ಲಿ, ಏಟಿನ ಸದ್ದು ಕೇಳಿದರೆ ಆ ಮನೆಯ ಬೆಲ್ ಒತ್ತಿ ಅನ್ನುವ ‘ಬೆಲ್ ಬಜಾವೋ’ ಜಾಹೀರಾತು ಟಿವಿಯಲ್ಲಿ ಬಂದಾಗ, ಇದು ನಮ್ಮ ಹೆಪ್ಪಿನ ಕತೆಯೇ ಅಂತ ನಾವು ನಕ್ಕೆವು. ಅದರಲ್ಲಿ ಬಾಗಿಲಿಗೆ ಬರುವವರು ಗಂಡಸರು. ನಮ್ಮಲ್ಲಿ ಇಲ್ಲದ್ದು ಅದೇ ನೋಡು.

ಉಗಾಂಡಾದ ಕಂಪಾಲಾದಲ್ಲಿ ‘ಸಾಸಾ’ ಅಂತ ಒಂದು ಕಾರ್ಯಕ್ರಮ ನಡೆದಿತ್ತು. ಆ ಓಣಿಯ ಹೆಂಗಸರೂ ಗಂಡಸರೂ ಮೂರು ವರ್ಷದ ಹತ್ತಿರ ನೆರೆಹೊರೆಯವರ ಜೊತೆ ಕೂತು, ಮನೆಯಲ್ಲಿ ಅಧಿಕಾರ ಯಾರ ಕೈಲಿ, ಯಾಕೆ ಅಂತ ಮಾತಾಡಿದರು. ಕಾರ್ಯಕ್ರಮ ಇಲ್ಲದ ಓಣಿಗಳಿಗಿಂತ ಅಲ್ಲಿ ಹೆಂಡತಿಯ ಮೇಲೆ ಕೈಮಾಡುವುದು ಅರ್ಧದಷ್ಟು ಕಡಿಮೆ ಕಂಡಿತು. ಅದಕ್ಕೇ ನಿನ್ನ ವಾಟರ್‌ಮನ್, ಚಹಾದಂಗಡಿಯವನು, ಭಜನಾಮಂಡಳಿಯ ಹುಡುಗರು, ಇವರನ್ನು ಮೊದಲು ಕೂಡಿಸು. ಭಾಷಣ ಬೇಡ. ‘ನಿಮ್ಮಪ್ಪ ಕೈ ಎತ್ತಿದಾಗ ನೀನು ಎಲ್ಲಿ ನಿಂತಿದ್ದೆ?’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರು.

ಕಾಯಿದೆಯ ಮಾತು ನಿನಗೆ ಗೊತ್ತಿದ್ದದ್ದೇ. ಆದರೂ 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ನಮ್ಮ ರಾಜ್ಯದ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಠಾಣೆ ಮೆಟ್ಟಿಲು ಹತ್ತದೆಯೂ ಅವರ ಹತ್ತಿರ ಹೋಗಬಹುದು ಅಂತ ಎಷ್ಟು ಹೆಂಗಸರಿಗೆ ಗೊತ್ತು? ಮಹಿಳಾ ಸಹಾಯವಾಣಿಯ ನಂಬರು 181 ಅನ್ನು ಕಚೇರಿ ಗೋಡೆಗೆ ಬರೆಸಬೇಡ, ಅಲ್ಲಿ ಗಂಡಸರೇ ನಿಂತಿರುತ್ತಾರೆ. ಅಂಗನವಾಡಿಯ ಒಳಗೋಡೆಗೆ, ಗಿರಣಿಯ ಹತ್ತಿರ ಬರೆಸು.

ಬ್ಯಾನರಿನ ದುಡ್ಡಿನಲ್ಲಿ ಉಳಿದರೆ ಹನುಮಪ್ಪನ ಗುಡಿ ಹಿಂದಿನ ಕಂಬಕ್ಕೊಂದು ಬಲ್ಬು ಹಾಕಿಸು. ಹೋದ ಸಲ ಬಂದಾಗ ನೋಡಿದೆ, ಸ್ತ್ರೀಶಕ್ತಿ ಗುಂಪಿನವರು ಮೊಬೈಲ್ ಬೆಳಕಿನಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಿದ್ದರು.

ನಿನ್ನ ಅತ್ತಿ